ಹಸಿರಿನ ವಿರುದ್ಧ ನನ್ನ ವಾದ

ಆ ಗಿಡ ತಿರುಗಿ ಬಣ್ಣ ಕಟ್ಟಿದ್ದು ಅತ್ತೆಯ ಕೈಗುಣದಿಂದ ಎಂಬುದು ನಮ್ಮ ಮನೆಯಲ್ಲಿ, ಓಣಿಯಲ್ಲಿ, ಖಾನಾಪುರದ ನೆಂಟರವರೆಗೂ ಒಪ್ಪಿತವಾಗಿರುವ ಕಥೆ. ಇದಕ್ಕೆ ನನ್ನ ಆಕ್ಷೇಪವಿದೆ. ಕೈಗುಣ ಎಂಬ ವಾದವನ್ನು ಯಾರೂ ಸೋಲಿಸಲಾಗದ ಹಾಗೆ ಕಟ್ಟಿದ್ದಾರೆ: ಗಿಡ ಬಂದರೆ ಅತ್ತೆಯ ಕೈ, ಬಾರದಿದ್ದರೆ ಮಣ್ಣಿನ ತಪ್ಪು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಇಂಥದ್ದನ್ನು ಹೂಡಿದ್ದರೆ ಎದುರಿನವರು ನಕ್ಕು ಕೂತುಬಿಡುತ್ತಿದ್ದರು. ಅದೂ ಅಲ್ಲದೆ, ಆ ಗಿಡದ ಬಣ್ಣ ಹೋಗಿದ್ದೇ ಅತ್ತೆಯ ಕೈಯಿಂದ.

ಅತ್ತೆ ಎಂದರೆ ಅಪ್ಪನ ಅಕ್ಕ. ಹಿಂದವಾಡಿಯ ಅವರ ಮನೆಯಲ್ಲಿದ್ದುಕೊಂಡೇ ನಾನು ನೌಕರಿಗೆ ಹೋಗುತ್ತೇನೆ. ನಿವೃತ್ತರಾದ ವಾರ ಅವರು ನರ್ಸರಿಯಿಂದ ಒಂದು ಪೊದೆ ತಂದರು. ವಿಲೋ ಜಾತಿಯ ಅಲಂಕಾರದ ಗಿಡ. ಹಸಿರು ಎಲೆಯ ಮೇಲೆ ಸುಣ್ಣ ಸಿಡಿದಂತೆ ಬಿಳಿ, ತುದಿಯ ಚಿಗುರು ತಿಳಿಗುಲಾಬಿ. ತಂಪು ದೇಶದ್ದು, ಬೆಳಗಾವಿಯ ಚಳಿಗೆ ಹೊಂದೀತು, ನೀರು ಮಾತ್ರ ತಪ್ಪಿಸಬೇಡಿ ಎಂದಿದ್ದನಂತೆ ನರ್ಸರಿಯವನು. ಗೇಟಿನ ಬಾಜು, ಸದಾ ಸೋರುವ ನಳದ ಪಕ್ಕದಲ್ಲಿ ನೆಟ್ಟರು. ಮೊದಲ ವರ್ಷ ಹೋಗಿಬರುವವರು ನಿಂತು ಇದು ಯಾವ ಹೂವೆಂದು ಕೇಳುತ್ತಿದ್ದರು. "ಹೂವಲ್ರಿ, ಎಲಿ" ಎನ್ನುವುದರಲ್ಲೇ ಅತ್ತೆಗೆ ಹಬ್ಬ.

ಮೇ ತಿಂಗಳ ಬಿಸಿಲಿಗೆ ಬಿಳಿ ಎಲೆಗಳ ಅಂಚು ಸುಟ್ಟವು. ಅತ್ತೆ ಅವನ್ನು ರೋಗವೆಂದು ಬಗೆದು ದಿನಾ ಬೆಳಿಗ್ಗೆ ಚಿವುಟಿದರು. ಅದೇ ಹೊತ್ತಿಗೆ ಬುಡದಿಂದ ಒಂದು ಅಚ್ಚ ಹಸಿರು ಟೊಂಗೆ ಎದ್ದಿತು, ಒಂದು ಚುಕ್ಕೆ ಬಿಳಿಯೂ ಇಲ್ಲದ್ದು. ಗಿಡ ಗುಣವಾಯಿತೆಂದು ಅತ್ತೆ ಅದಕ್ಕೆ ಕೋಲು ಕಟ್ಟಿ ಸಾಕಿದರು. ಅದನ್ನು ಕಡಿಯಬೇಕು ಎಂದು ನಾನು ಓದಿ ಹೇಳಿದೆ: ಹಸಿರು ಹೆಚ್ಚಿದ್ದಷ್ಟೂ ಎಲೆ ಹೆಚ್ಚು ಉಣ್ಣುತ್ತದೆ, ಬಿಳಿ ಕಲೆಯ ಟೊಂಗೆ ಉಪವಾಸ ಬೀಳುತ್ತದೆ.

"ಹಸರಿಗೆ ಕತ್ತರಿ ಹಚ್ಚಬಾರ್ದವಾ. ಮನಿಗೆ ಒಳ್ಳೇದಲ್ಲ," ಎಂದರು ಅತ್ತೆ.

"ಯಾರು ಹೇಳ್ಯಾರ್ರಿ?"

"ಎಲ್ಲಾರೂ ಹೇಳ್ಯಾರ."

ಎಲ್ಲರೂ ಎಂಬ ಸಾಕ್ಷಿಯನ್ನು ಪಾಟೀಸವಾಲಿಗೆ ಕರೆಯಲು ಬರುವುದಿಲ್ಲ. ಮೂರನೇ ವರ್ಷಕ್ಕೆ ಪೊದೆಗೆ ಪೊದೆಯೇ ಹಸಿರಾಯಿತು. ಎದುರು ಮನೆಯಾಕೆ ಒಂದು ದಿನ, "ಏನ್ರಿ ಬಾಯಿ, ಬೇಲಿ ಗಿಡ ಹಚ್ಚೀರಲ್ಲ," ಎಂದುಬಿಟ್ಟರು. ಅಂದಿನಿಂದ ಅತ್ತೆ ಸಂಜೆ ಕಟ್ಟೆಯ ಮೇಲೆ ಕೂರುವುದನ್ನು ಬಿಟ್ಟರು. "ಯುಗಾದಿಗೆ ಕಿತ್ತು ಒಗೀತೀನಿ," ಎಂದರು ಒಮ್ಮೆ, ಅಕ್ಕಿ ಆರಿಸುತ್ತಾ. "ಹೋತು ನನ್ನ ಕೈಗುಣ." ನಾನು ನಂಬದ ವಸ್ತು ಹೋಯಿತೆಂದು ಅವರು ಅತ್ತಾಗ ನಾನೇಕೆ ಪಕ್ಕದಲ್ಲಿ ಕೂತು ಅಕ್ಕಿ ಆರಿಸಬೇಕು? ಆರಿಸಿದೆ.

ಆ ಡಿಸೆಂಬರಿನಲ್ಲಿ ಖಾನಾಪುರದಿಂದ ಕಾಕಾ ಬಂದರು. ಅಪ್ಪನ ಚಿಕ್ಕಪ್ಪನ ಮಗ. ಕಚೇರಿಯಲ್ಲಿ ಗುಮಾಸ್ತ, ರಜೆಯಲ್ಲಿ ಜಾಂಬೋಟಿ ಕಡೆಯ ಗದ್ದೆಯಲ್ಲಿ ರೈತ. ಗೇಟಿನಲ್ಲೇ ನಿಂತು ಒಂದು ಎಲೆ ಹರಿದು ಮೂಸಿದರು.

"ಇದು ವಾಳುಂಜ ಅಲ್ಲೇನು? ನಮ್ಮ ಹೊಳಿ ದಂಡಿ ತುಂಬ ಐತಿ. ಇದನ್ನ ಪ್ಯಾಟ್ಯಾಗಿಂದ ತಂದ್ರ್ಯಾ?"

"ವಾಳುಂಜನೂ ವಿಲೋನ ಖರೆ, ಆದ್ರ ಇದು ಬ್ಯಾರೆ ಜಾತಿ ಕಾಕಾ, ಪರದೇಶದ್ದು."

"ಮಾರಿ ನೋಡಬ್ಯಾಡ, ಕುಲಾ ನೋಡು. ವಾಳುಂಜ ಕಡದಷ್ಟೂ ಸೊಕ್ಕತೈತಿ."

ಮುಂದಿನ ಭಾನುವಾರ ನಾನು ಖಾನಾಪುರದ ಬಸ್ಸು ಹತ್ತಿದೆ. ಮಲಪ್ರಭೆಯ ದಂಡೆಯಲ್ಲಿ ಕಾಕಾ ತೋರಿಸಿದರು: ಬುಟ್ಟಿ ಹೆಣೆಯುವವರು ಮೊಣಕಾಲೆತ್ತರಕ್ಕೆ ಕಡಿದುಕೊಂಡು ಹೋದ ಮೋಟುಗಳಿಂದ ಆಳೆತ್ತರದ ಹೊಸ ಕಡ್ಡಿಗಳು ನೆಟ್ಟಗೆ ಎದ್ದಿದ್ದವು. ಯಾರೂ ಮುಟ್ಟದ ಪಕ್ಕದ ಮರ ಒಣಟೊಂಗೆ ಹೊತ್ತು ಮಂಕಾಗಿ ನಿಂತಿತ್ತು. ದಾಯಾದಿಯ ಗುಣವನ್ನು ಇನ್ನೊಂದು ಗಿಡಕ್ಕೆ ಹಚ್ಚುವುದು ದುರ್ಬಲ ವಾದ, ನನಗೆ ಗೊತ್ತು. ಆದರೆ ಕಣ್ಣಿನ ಮುಂದಿನ ಮೋಟು "ಎಲ್ಲಾರೂ ಹೇಳ್ಯಾರ" ಎಂಬುದಕ್ಕಿಂತ ಗಟ್ಟಿ.

ಸಂಕ್ರಾಂತಿ ಮುಗಿದ ಮೇಲೆ, ಹೊಸ ಚಿಗುರು ಒಡೆಯುವ ಮುನ್ನ, ಕತ್ತರಿ ಹಿಡಿದೆ. ಅಚ್ಚ ಹಸಿರು ಟೊಂಗೆಗಳನ್ನೆಲ್ಲ ಬುಡಕ್ಕೇ ತೆಗೆದೆ. ಒಂದಿಷ್ಟಾದರೂ ಬಿಳಿ ಕಲೆ ಉಳಿದಿದ್ದ ಐದು ಟೊಂಗೆಗಳನ್ನು ಹುಡುಕಿ ಮೊಣಕಾಲೆತ್ತರಕ್ಕೆ ಇಳಿಸಿದೆ, ಪ್ರತಿಯೊಂದನ್ನೂ ಹೊರಮುಖದ ಮೊಗ್ಗಿನ ಮೇಲೆ ಓರೆಯಾಗಿ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ಬೋಳ ಮಾಡಿದಿ," ಎಂದರು. "ಕಿತ್ತಿದ್ರ ಒಮ್ಮೆ ಮುಗೀತಿತ್ತು."

ಆಮೇಲಿನ ವಾರಗಳು ಉದ್ದವಾದವು. ನಳ ಸೋರುತ್ತಿತ್ತು, ಐದು ಕೋಲು ಸುಮ್ಮನೆ ನಿಂತಿದ್ದವು. ಎದುರು ಮನೆಯಾಕೆ, "ಡಿಬೇಟ್‌ದಾಗ ಕಪ್ ತಂದಾಳಲ್ಲ ನಿಮ್ಮಾಕಿ, ಗಿಡದ ಮುಂದನೂ ಒಂದೀಟು ಭಾಷಣ ಮಾಡಂತ ಹೇಳ್ರಿ," ಎಂದು ಅತ್ತೆಯನ್ನೇ ಕೆಣಕಿದರು. ಯುಗಾದಿಗೆ ಇನ್ನು ಎರಡು ತಿಂಗಳೂ ಇರಲಿಲ್ಲ. ನಾನೇ ಕೊಂದೆನೇನೋ ಎಂದು ದಿನವೂ ಹಲ್ಲುಜ್ಜುತ್ತಾ ಹೋಗಿ ಬಗ್ಗಿ ನೋಡುತ್ತಿದ್ದೆ.

ಒಂದು ಬೆಳಿಗ್ಗೆ ಐದೂ ಕೋಲಿನ ಮೇಲೆ ಕೆಂಪು ಚುಕ್ಕೆ. ಹತ್ತು ದಿನಕ್ಕೆ ಚುಕ್ಕೆಗಳು ಬಿಚ್ಚಿದವು: ಗುಲಾಬಿ, ಹಾಲುಬಿಳಿ, ಕೆಳಗೆ ಕೆಳಗೆ ಹಸಿರು ಹನಿ. ಯುಗಾದಿಯ ಹೊತ್ತಿಗೆ ಪೊದೆ ಗೇಟಿನಾಚೆಗೆ ಬಾಗಿ ರಸ್ತೆಗೇ ಕಾಣುತ್ತಿತ್ತು, ಸ್ಕೂಟರುಗಳು ನಿಲ್ಲುತ್ತಿದ್ದವು. ಎದುರು ಮನೆಯಾಕೆ ತಾನೇ ದಾಟಿ ಬಂದು ಒಂದು ಕಡ್ಡಿ ಬೇಡಿದರು. ಗೆದ್ದೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಷ್ಟು ಸಾಕ್ಷಿ ನನ್ನ ಯಾವ ಚರ್ಚೆಯಲ್ಲೂ ಇರಲಿಲ್ಲ.

ಅತ್ತೆ ಮತ್ತೆ ಕಟ್ಟೆಗೆ ಬಂದು ಕೂತರು. ಕಡ್ಡಿಗಳನ್ನು ನೀರಿನ ಬಾಟಲಿಯಲ್ಲಿಟ್ಟು, ಬೇರು ಬಂದ ಮೇಲೆ ಓಣಿಗೆಲ್ಲ ಹಂಚುತ್ತಾ, "ಕೈಗುಣ ಬೇಕ್ರಿ ಇದಕ್ಕ," ಎಂದು ನನ್ನೆದುರೇ ಹೇಳಿದರು. ಅವರು ಅಷ್ಟೊಂದು ಖುಷಿಯಾಗಿದ್ದರು, ಇನ್ನೆರಡು ಬಾಟಲಿಗೆ ನೀರು ತುಂಬಿಕೊಟ್ಟೆ.

ಮೊನ್ನೆ ಬುಡದಲ್ಲಿ ಮತ್ತೊಂದು ಅಚ್ಚ ಹಸಿರು ಟೊಂಗೆ ಎದ್ದದ್ದನ್ನು ಕಂಡಿದ್ದೆ, ರಜೆಗೆ ಕಡಿಯೋಣವೆಂದು ಬಿಟ್ಟಿದ್ದೆ. ಇಂದು ಬೆಳಿಗ್ಗೆ ಅದಿರಲಿಲ್ಲ. ಅದಿದ್ದಲ್ಲಿ ಹಸಿಗಾಯ, ನುಣ್ಣಗೆ, ಬುಡಕ್ಕೆ ತಾಗಿದಂತೆ. ಅತ್ತೆ ನಳದಡಿ ಕತ್ತರಿ ತೊಳೆಯುತ್ತಿದ್ದರು, ನನ್ನತ್ತ ಬೆನ್ನು ಮಾಡಿ.

"ಅತ್ಯಾ, ಹಸರು ಟೊಂಗಿ ಕಡೀಬೇಕಂತ ನಿಮಗ ಯಾರು ಹೇಳಿದ್ರು?"

"ಎಲ್ಲಾರೂ ಹೇಳ್ಯಾರ."