ಕಾಕಾ ಹೇಳಿದ ಆಕಾಶದ ಸಿನಿಮಾ

ತೆಲುಗು ನಾಡಿನ ಗಡಿಯೂರು ನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಆಗಿನ್ನೂ ಮನೆಗೊಂದು ಮಗ್ಗವಿತ್ತು, ಓಣಿಗೆಲ್ಲ ಒಂದು ಟಿವಿ. ತಿಂಗಳಿಡೀ ಸದ್ದು ಮಾಡುತ್ತಿದ್ದ ಮಗ್ಗಗಳು ಅಮಾವಾಸ್ಯೆಯ ದಿನ ಮಾತ್ರ ಸುಮ್ಮನಿರುತ್ತಿದ್ದವು. ಅವತ್ತು ಯಾರೂ ಲಾಳಿ ಮುಟ್ಟುವಂತಿಲ್ಲ. ಬೆಳಿಗ್ಗೆ ಎದ್ದರೆ ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆಯ ಬದಲು ಮೂಗಿಗೆ ಮಂಡಕ್ಕಿ ಒಗ್ಗರಣೆಯ ಘಾಟು. ಮಧ್ಯಾಹ್ನ ನಮ್ಮ ಮನೆಗೆ ಬಾಡಿಗೆಯ ವಿಸಿಆರ್ ಬರುತ್ತಿತ್ತು. ಕಿಟಕಿಗಳಿಗೆ ಚಾದರ ಕಟ್ಟಿ ಕತ್ತಲು ಮಾಡಿದರೆ ಪಡಸಾಲೆಯೇ ಟಾಕೀಸು.

ನನಗಾಗ ಒಂಬತ್ತು ವರ್ಷ. ಚಿಂತೆ ಮಾಡುವುದರಲ್ಲಿ ಮಾತ್ರ ಐವತ್ತು. ಕರೆಂಟು ಹೋಗಿ ಕ್ಯಾಸೆಟ್ಟು ಒಳಗೇ ಸಿಕ್ಕಿಕೊಂಡರೆ? ಟಿವಿ ಸಿಡಿದರೆ? ಈಗ ನಿಜಕ್ಕೂ ಐವತ್ತರ ಹತ್ತಿರ ಬಂದಿದ್ದೇನೆ. ಚಿಂತೆ ಹಾಗೇ ಇದೆ, ವಯಸ್ಸು ಓಡೋಡಿ ಬಂದು ಅದರ ಸಮಕ್ಕೆ ನಿಂತಿದೆ ಅಷ್ಟೆ.

ನಾನು ಹೇಳಹೊರಟ ಅಮಾವಾಸ್ಯೆಯ ಚಿಂತೆ ಮಲ್ಲು ಕಾಕಾನ ಬಗ್ಗೆ. ಅಪ್ಪನ ತಮ್ಮ. ಗದ್ವಾಲದ ಕಾಲೇಜಿನಲ್ಲಿ ಇಂಟರ್ ಓದಿ ಬಂದವನೆಂದು ಓಣಿಯಲ್ಲಿ ಅವನಿಗೆ ಮರ್ಯಾದೆ. ಇಂಗ್ಲಿಷ್‌ನಲ್ಲಿ ಫೇಲಾಗಿ ವಾಪಸು ಬಂದಿದ್ದ ಎಂಬುದು ಮನೆಯವರಿಗಷ್ಟೇ ಗೊತ್ತು. ನೂಲು ಸುತ್ತುವ ಕಂಡಿಕೆಯ ಡಬ್ಬಿಯ ತಳದಲ್ಲಿ ಅವನ ಮಾರ್ಕ್ಸ್ ಮೆಮೊ ನೋಡಿದ್ದರಿಂದ ನನಗೂ ಗೊತ್ತಿತ್ತು. ಅವತ್ತೇ ಅವನನ್ನು ನೋಡಲು ಮಕ್ತಲದಿಂದ ಚನ್ನಬಸಪ್ಪನವರು ಬರುವವರಿದ್ದರು. ಬಟ್ಟೆ ಅಂಗಡಿಯವರು, ಮನೆಯಲ್ಲಿ ಮದುವೆಗೆ ಬಂದ ಮಗಳು.

ಊರಿನ ನೇಕಾರರಿಗೆಲ್ಲ ಒಂದೇ ದಿನ ರಜೆ. ಹಾಗಾಗಿ ತಡವಾಗಿ ಹೋದ ಕಾಕಾನಿಗೆ ಕ್ಯಾಸೆಟ್ ಅಂಗಡಿಯಲ್ಲಿ ತೆಲುಗು ಸಿನಿಮಾ ಒಂದೂ ಉಳಿದಿರಲಿಲ್ಲ. ಉಳಿದದ್ದು ಇಂಗ್ಲಿಷಿನದು, ಆಕಾಶದಲ್ಲಿ ಹಡಗು ಹಾರುವಂಥದ್ದು.

“ಹೋಗ್ಲಿ ಬಿಡ್ರಿ, ಇಂಗ್ಲಿಷ್ ಆದ್ರೇನಾತು?” ಎಂದ ನಮ್ಮಪ್ಪ, ಆಗಲೇ ಬಂದು ಕೂತಿದ್ದ ಚನ್ನಬಸಪ್ಪನವರ ಮುಂದೆ ಎದೆಯುಬ್ಬಿಸಿ. “ನಮ್ಮ ಮಲ್ಲು ಅದಾನಲ್ಲ, ಎಲ್ಲಾ ಬಿಡಿಸಿ ಹೇಳ್ತಾನ.”

ನಾನು ಕಂಡಿಕೆಯ ಡಬ್ಬಿಯ ಕಡೆ ನೋಡಿದೆ.

ಕಾಕಾ ಮಾತ್ರ ಟಿವಿಯ ಪಕ್ಕ ಹೋಗಿ ನಿಂತೇ ಬಿಟ್ಟ. ಪರದೆಯ ಮೇಲೆ ಹಡಗಿನ ಕ್ಯಾಪ್ಟನ್ ಯಾರಿಗೋ ಗದರುತ್ತಿದ್ದ. “ಏನಂತಾನಪ್ಪ?” ಎಂದಳು ಅಜ್ಜಿ.

“ನಳ ಯಾರು ಬಿಟ್ಟು ಬಂದೀರಿ, ನೀರಿನ ಟಾಕಿ ಖಾಲಿ ಆಗೇತಿ ಅಂತಾನ.”

“ಖರೇ ಐತಿ, ಅಷ್ಟು ಮ್ಯಾಲ ನೀರು ಏರೋದು ಅಂದ್ರ ಸುಮ್ನ ಆತೇನು?”

ಮೂಲೆಯಲ್ಲಿದ್ದ ರೋಬೊ ಕಣ್ಣು ಮಿನುಗಿಸಿ ಏನೋ ಗೊಣಗಿತು. ಕಾಕಾ ಅದರ ದನಿಯನ್ನೇ ತಂದ. “ಯಜಮಾನ್ರ, ಇವತ್ತು ನಂಗೂ ಅಮಾಸಿ ರಜಾ ಬೇಕ್ರಿ.”

“ಅದಕ್ಕ ಕ್ಯಾಪ್ಟನ್ ಏನಂದ?” ಎಂದಳು ಅಜ್ಜಿ.

“ಇಲ್ಲಿ ಚಂದ್ರನೇ ಇಲ್ಲ, ಅಮಾಸಿ ಎಲ್ಲಿಂದ ತರ್ಲೋ ಅಂದ. ಚಂದ್ರ ಇಲ್ಲಂದ್ರ ದಿನಾ ಅಮಾಸಿನೇ ಅಲ್ಲೇನ್ರಿ, ದಿನಾ ರಜಾ ಕೊಡ್ರಿ ಅಂತೈತಿ ಇದು!”

ಪಡಸಾಲೆ ಬಿದ್ದು ಬಿದ್ದು ನಕ್ಕಿತು. ಮಗ್ಗದ ಕುಣಿಯ ಅಂಚಿನಲ್ಲಿ ಕೂತಿದ್ದ ಪಕ್ಕದ ಮನೆಯ ಈರಣ್ಣ, “ಮಲ್ಲು, ಅಲ್ಲಿ ಮಗ್ಗ ಹಾಕಿದ್ರ ಹ್ಯಾಂಗ?” ಎಂದ.

“ಹಾಕು, ಆದ್ರ ಕುಣಿಯಾಗ ಕಾಲು ಇಳಿಬಿಟ್ರ ಕಾಲು ತೇಲಿ ಮ್ಯಾಲ ಬರ್ತಾವ. ತಲಿ ಕುಣಿಯಾಗ ಇಟ್ಟು ನೇಯಬೇಕು.”

ಬೆಂಕಿಯ ಬಂದೂಕು, ಹಸಿರು ಮುಖದ ಶತ್ರುಗಳು, ಹಡಗಿಗೆ ಹಡಗು ಡಿಕ್ಕಿ, ಯಾವುದಕ್ಕೂ ಕಾಕಾನ ಬಳಿ ಮಾತಿಗೆ ಬರವಿರಲಿಲ್ಲ. ನಗದೇ ಕೂತವಳು ನಾನೊಬ್ಬಳೇ. ನನ್ನ ಕಣ್ಣೆಲ್ಲ ಚನ್ನಬಸಪ್ಪನವರ ಮೀಸೆಯ ಮೇಲೆ. ಹಡಗಿನಲ್ಲಿ ಒಬ್ಬ ಹೆಂಗಸು ಅಳತೊಡಗಿದಾಗ ಕಾಕಾ, “ಹಂಚಿನ ಮ್ಯಾಲಿಂದ ರೊಟ್ಟಿ ಹಾರಿ ಹೋತಂತ” ಎಂದ. ಅವರು ಮೀಸೆ ತಿರುವಿ ಕೇಳಿದರು, “ಖರೇ ಹಂಗ ಅಂದ್ಳೇನು?”

ಸಿಕ್ಕಿಬಿದ್ದ, ಎಂದುಕೊಂಡೆ. ಇನ್ನು ಸುಳ್ಳುಗಾರ ಎಂದು ಎದ್ದು ಹೋಗುತ್ತಾರೆ, ಕಾಕಾ ಜೀವಮಾನವಿಡೀ ಒಂಟಿ. ಅವರು ತಾವಾಗಿ ಕಂಡುಹಿಡಿಯುವ ಮೊದಲು ನಾವೇ ಹೇಳಿಬಿಟ್ಟರೆ ಸಿಟ್ಟು ಕಡಿಮೆಯಾದೀತು ಎಂದು ನನ್ನ ಒಂಬತ್ತು ವರ್ಷದ ಲೆಕ್ಕ. ನೀರಿನ ಚೊಂಬು ಹಿಡಿದು ಹೋಗಿ ಅವರ ಕಿವಿಯಲ್ಲಿ ಪಿಸುಗುಟ್ಟಿದೆ. “ನಮ್ಮ ಕಾಕಾಗ ಇಂಗ್ಲಿಷ್ ಬರಂಗಿಲ್ರಿ, ಫೇಲ್ ಆಗ್ಯಾನ. ಆದ್ರ ಭಾಳ ಚೊಲೋ ಅದಾನ್ರಿ. ಸಿಟ್ಟು ಮಾಡ್ಕೊಬ್ಯಾಡ್ರಿ.”

ಅವರು ನೀರು ಕುಡಿದು, ನನ್ನ ತಲೆ ಸವರಿ, ಪರದೆಯ ಕಡೆ ತಿರುಗಿದರು. “ಮುಂದೇನಾತಪ್ಪ, ಹೇಳು.”

ಸಿನಿಮಾ ಮುಗಿಯಿತು. ಹೊರಡುವ ಹೊತ್ತಿಗೆ ಅಪ್ಪ ಕಟ್ಟೆಯ ಮೇಲೆ ಕೈಮುಗಿದು ನಿಂತಿದ್ದ. ಓಣಿಯೆಲ್ಲ ಅಲ್ಲೇ ಇತ್ತು. ಚನ್ನಬಸಪ್ಪನವರು ಚಪ್ಪಲಿ ಮೆಟ್ಟುತ್ತಾ ದೊಡ್ಡ ದನಿಯಲ್ಲಿ ಹೇಳಿದರು, “ಹುಡುಗ ಪಸಂದ್ ಆದ್ರಿ. ಇಂಗ್ಲಿಷ್‌ನ್ಯಾಗ ಫೇಲ್ ಅಂತ ನಿಮ್ಮ ಹುಡುಗಿನೇ ನಂಗ ಹೇಳ್ಯಾಳ. ಆಗ್ಲಿ ಬಿಡ್ರಿ! ಒಂದಕ್ಷರ ತಿಳೀದೆ ಎರಡು ತಾಸು ನಗಿಸ್ಯಾನ. ನಮ್ಮ ಹುಡುಗಿಗೆ ನಗೋದಂದ್ರ ಜೀವ.”

ಕಟ್ಟೆಯೆಲ್ಲ ನಕ್ಕಿತು. “ಎಲಾ ಮಲ್ಲು, ಇಷ್ಟು ದಿನ ನಮಗೆಲ್ಲಾ ಟೋಪಿ ಹಾಕಿದ್ಯಾ!” ಎಂದ ಈರಣ್ಣ. ಕಾಕಾನೂ ನಕ್ಕ. ಅವನ ನಗು ಎಲ್ಲರಿಗಿಂತ ತಡವಾಗಿ ಶುರುವಾಗಿ ಎಲ್ಲರಿಗಿಂತ ಮೊದಲು ಮುಗಿಯಿತು. ನನ್ನನ್ನು ಬೈಯಲಿಲ್ಲ. ನನ್ನ ಕಡೆ ನೋಡಿದ, ಅಷ್ಟೆ.

ಮುಂದಿನ ಅಮಾವಾಸ್ಯೆಗೆ ಜನ ಬೇಕೆಂದೇ ಇಂಗ್ಲಿಷ್ ಕ್ಯಾಸೆಟ್ಟು ತರಿಸಿದರು. ಅದೇ ಆಕಾಶ, ಅದೇ ಹಡಗು, ಅದೇ ಬಂದೂಕು. ಎಲ್ಲರೂ ಕಾಕಾನತ್ತ ತಿರುಗಿದರು. ಅವನು ಗೋಡೆಗೆ ಒರಗಿ ಕೂತಿದ್ದ. “ನಂಗೇನು ತಿಳೀತೈತಿ? ನೋಡ್ರಿ ಸುಮ್ನ.” ಹತ್ತು ನಿಮಿಷಕ್ಕೆ ಮಂದಿ ಒಬ್ಬೊಬ್ಬರಾಗಿ ಎದ್ದು ಹೋದರು.

ಮದುವೆ ಮಾತ್ರ ಸುಸೂತ್ರವಾಗಿ ನಡೆಯಿತು. ನಾನು ಚಿಂತಿಸಿದ್ದೊಂದೂ ಆಗಲಿಲ್ಲ. ಚಿಂತಿಸಲು ನನಗೆ ಹೊಳೆಯದೇ ಇದ್ದದ್ದು ಆಗಿಹೋಗಿತ್ತು.

ಹೋದ ತಿಂಗಳು ಕಾಕಾನ ಮನೆಗೆ ಹೋಗಿದ್ದೆ. ಓಣಿಯಲ್ಲೀಗ ಮಗ್ಗಗಳು ಬೆರಳೆಣಿಕೆಯಷ್ಟು. ಅಮಾವಾಸ್ಯೆ ಯಾವತ್ತೆಂದು ತಿಳಿಯಲು ಕ್ಯಾಲೆಂಡರ್ ನೋಡಬೇಕು. ಅವನ ಮೊಮ್ಮಗಳು ಫೋನಿನಲ್ಲಿ ಆಕಾಶದ ಸಿನಿಮಾ ಹಚ್ಚಿ ಗೋಡೆಗೆ ಆನಿಸಿದ್ದಳು. ಹಡಗಿನವರೆಲ್ಲ ಅಚ್ಚುಕಟ್ಟಾದ ತೆಲುಗಿನಲ್ಲಿ ಮಾತಾಡುತ್ತಿದ್ದರು. ಕಾಕಿ, ಚನ್ನಬಸಪ್ಪನವರ ಆ ಮಗಳು, ಅವರೆಕಾಯಿ ಸುಲಿಯುತ್ತಾ ಹೇಳಿದಳು, “ನಮ್ಮಪ್ಪ ಆ ರೋಬೊನ ಮಾತು ಹೇಳಿ ಹೇಳಿ ನಗ್ತಿದ್ದ. ಅದನ್ನ ಕೇಳಿನೇ ನಾ ಹೂಂ ಅಂದೆ ನೋಡವ್ವ. ಬಂದು ಇಷ್ಟು ವರ್ಷ ಆತು, ನಿಮ್ಮ ಕಾಕಾ ನಂಗ ಒಂದು ಸಿನಿಮಾನೂ ಹೇಳಲಿಲ್ಲ.”

ನನಗೆ ಮುಖ ಎತ್ತಲಾಗಲಿಲ್ಲ. ಧೈರ್ಯ ಮಾಡಿ ಕಾಕಾನ ಪಕ್ಕಕ್ಕೆ ಸರಿದು, “ಕಾಕಾ, ಆ ಹಡಗಿನ್ಯಾಗಿನ ಹೆಂಗಸು ಏನ್ ಅನ್ನಾಕತ್ಯಾಳ? ಹೇಳು” ಎಂದೆ.

ಅವನು ಕನ್ನಡಕ ಸರಿಮಾಡಿಕೊಂಡು ಫೋನನ್ನು ನೋಡಿದ. ತುಟಿ ಅಲುಗಿದಂತೆ ಕಂಡಿತು. ಕಾಕಿಯ ಕೈ ಅವರೆಕಾಯಿಯ ಮೇಲೇ ನಿಂತಿತು.

“ಅಕಿನೇ ಹೇಳಾಕತ್ಯಾಳಲ್ಲವ್ವ,” ಎಂದ ಕಾಕಾ ಮೆಲ್ಲಗೆ. “ಕೇಳು.”

ಕೇಳಿದೆವು. ಎಲ್ಲ ತಿಳಿಯಿತು. ಯಾರಿಗೂ ನಗು ಬರಲಿಲ್ಲ.