ಮೈಕಣ್ಣ ಚಪ್ಪಾಳೆ ನುಂಗಿದ್ದು

ಮೈಕಣ್ಣನಿಗೆ ಆ ಹೆಸರು ಬಂದದ್ದು ಗಿರಣಿಯ ಗೇಟಿನ ಮುಂದೆ, ಯೂನಿಯನ್ ಭಾಷಣಗಳಲ್ಲಿ. ಮೈಕು ಕೈಕೊಟ್ಟರೂ ಅವನ ಗಂಟಲು ಕೈಕೊಡುತ್ತಿರಲಿಲ್ಲ. ಹಿಂದೆ ನಿಂತು ಬೀಡಿ ಎಳೆಯುವವನ ಎದೆಯೂ ಝಲ್ಲೆನ್ನಬೇಕು, ಹಾಗೆ ಮಾತಾಡುತ್ತಿದ್ದ. ಮಗ್ಗದ ಸದ್ದು ಕೇಳಿಯೇ ಯಾವ ಬೋಲ್ಟು ಸಡಿಲ ಅಂತ ಹೇಳುತ್ತಿದ್ದ ಮೆಕ್ಯಾನಿಕ್ಕು ಅವನು. ಮನುಷ್ಯರ ವಿಷಯಕ್ಕೆ ಬಂದರೆ ಮಾತ್ರ ಎರಡೇ ಅಭಿಪ್ರಾಯ: ಜಿಂದಾಬಾದ್, ಇಲ್ಲವೇ ಧಿಕ್ಕಾರ. ನಡುವೆ ಏನಾದರೂ ಇರಬಹುದೆಂಬ ಗುಮಾನಿಯೂ ಇರಲಿಲ್ಲ.

ನಿವೃತ್ತನಾದ ಮೇಲೆ ಹೆಂಡತಿಯ ಹಿಂದೆ ಲೈಬ್ರರಿಯ ಸಂಜೆ ತರಗತಿಗೆ ಹೊರಟ. ಅವಳು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಆಯಾ ಆಗಿದ್ದವಳು. ಹಳೆಯ ಪುರಾಣ ಕತೆಗಳನ್ನು ಯಾರ‍್ಯಾರು ಹೇಗೆ ಹೊಸದಾಗಿ ಹೇಳಿದ್ದಾರೆಂದು ಅಲ್ಲಿ ಓದುತ್ತಿದ್ದರು. ಆಮೇಲೆ ತಮ್ಮದೂ ಒಂದು ಬರೆದು ತಂದು ಓದಬೇಕು, ಉಳಿದವರು ಹೇಗಿದೆ ಹೇಳಬೇಕು.

ಒಂದು ಸಂಜೆ ಬ್ಯಾಂಕಿನ ಗುಮಾಸ್ತನೊಬ್ಬ, ಹೆಂಡತಿಯನ್ನು ಕಾಡಿಗಟ್ಟಿದ ರಾಜನ ಸಂಕಟವನ್ನು ಬರೆದು ತಂದಿದ್ದ. ಮೈಕಣ್ಣ ಎದ್ದು ನಿಂತ. "ಇದು ಅರಮನೆಯ ಚಮಚಾಗಿರಿ! ಧಿಕ್ಕಾರ!" ಗುಮಾಸ್ತ ಮುಂದಿನ ವಾರ ಬರಲಿಲ್ಲ.

"ಅಣ್ಣಾ, ತೀರ್ಪು ಕೊಡೋಕೆ ಇದು ಕೋರ್ಟಲ್ಲ," ಅಂದರು ಲೈಬ್ರರಿ ಮೇಡಂ. "ಕತೆ ನಿಮಗೆ ಎಲ್ಲಿವರೆಗೆ ಕಣ್ಣಿಗೆ ಕಟ್ತು, ಎಲ್ಲಿ ಮಸುಕಾಯ್ತು, ಅಷ್ಟು ಹೇಳಿ ಸಾಕು."

"ಅದೇನು ಮಹಾ ಮೇಡಂ," ಅಂದ ಮೈಕಣ್ಣ.

ಹೆಂಡತಿಯ ಸರದಿ ಬಂತು. ಅವಳು ಆರಿಸಿಕೊಂಡದ್ದು ಅರಗಿನ ಮನೆ. ಐವರು ರಾಜಕುಮಾರರನ್ನು ತಾಯಿಯ ಸಮೇತ ಸುಡಲು ದಾಯಾದಿಗಳು ಕಟ್ಟಿಸಿದ ಮನೆ. ಅವರೇನೋ ಸುರಂಗ ಹೊಕ್ಕು ಪಾರಾದರು. ಆ ಸಂಜೆ ಊಟಕ್ಕೆಂದು ಬಂದು ಅಲ್ಲೇ ಮಲಗಿದ್ದ ಕಾಡಿನ ತಾಯಿ, ಅವಳ ಐದು ಮಕ್ಕಳು ಬೂದಿಯಾದರು. ಹೆಣದ ಲೆಕ್ಕ ಸರಿಹೋಯಿತು, ಅವರ ಹೆಸರು ಯಾರಿಗೂ ಬೇಕಾಗಲಿಲ್ಲ. ಹೆಂಡತಿ ಆ ತಾಯಿಯ ಕತೆ ಬರೆದಿದ್ದಳು. ದಾರಿಯಲ್ಲಿ ಕಿರಿಯವನ ಕಾಲಿಗೆ ಮುಳ್ಳು ಹೊಕ್ಕಿತು. ತಾಯಿ ಸೊಪ್ಪು ಜಗಿದು ಕಟ್ಟಿದಳು, ಅವನನ್ನು ಸೊಂಟಕ್ಕೇರಿಸಿಕೊಂಡು ನಡೆದಳು. ಉಂಡ ಮೇಲೆ ಆ ಕಾಲನ್ನು ಮಡಿಲಲ್ಲಿಟ್ಟುಕೊಂಡು ತೂಕಡಿಸಿದಳು. ಬೆಂಕಿ ಬಿತ್ತು. ತಾಯಿ ಎದ್ದು ನಿಂತು ಗುಡುಗಿದಳು: "ಎಲೈ ದೊರೆಗಳೇ! ನಿಮ್ಮ ಸಿಂಹಾಸನದ ಕಾಲು ನಮ್ಮ ಮೂಳೆಯದ್ದು!"

ಮೈಕಣ್ಣನ ಮೈ ಜುಮ್ಮೆಂದಿತು. "ಭೇಷ್!" ಎಂದು ಕೈ ನೋಯುವಷ್ಟು ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಿದರು. ಭಾನುವಾರ ಹಾಲ್‌ನಲ್ಲಿ ಊರವರ ಮುಂದೆ ಇದನ್ನೇ ಓದಬೇಕು ಅಂದರು ಮೇಡಂ. ಹೆಂಡತಿ ಹಾಳೆ ಮಡಚಿಕೊಂಡು ಕೂತಳು.

ಮನೆಗೆ ಬಂದವಳೇ ಹೇಳಿದಳು, "ಭಾನುವಾರ ಹಾಲ್‌ನಲ್ಲಿ ನಾನು ಓದಲ್ಲ."

"ಯಾಕೇ? ಊರೇ ಚಪ್ಪಾಳೆ ಹೊಡೀತಲ್ಲ!"

"ಕತೆ ಎಲ್ಲೋ ಸತ್ತುಹೋಗಿದೆ ಕಣ್ರೀ. ಎಲ್ಲಿ ಅಂತ ನಂಗೆ ಸಿಕ್ತಿಲ್ಲ. ನೀವು ನೋಡಿದ್ರೆ ಭೇಷ್ ಅಂತೀರಿ. ಇಷ್ಟು ವರ್ಷ ನನ್ನ ಅಡುಗೆಗೂ ಅದನ್ನೇ ಅಂದ್ರಿ, ಉಪ್ಪು ಹಾಕದೇ ಇದ್ದ ದಿನಾನೂ!"

"ಹೊಗಳಿದ್ರೂ ತಪ್ಪಾ?"

"ಗುಮಾಸ್ತನಿಗೆ ಬೈದ್ರಿ, ನಂಗೆ ಹೊಗಳಿದ್ರಿ. ಇಬ್ಬರದ್ದನ್ನೂ ಕೇಳಿಸ್ಕೊಳ್ಳಲಿಲ್ಲ."

ಆ ಮಾತು ಸೀದಾ ನಾಟಿತು. ಅವಳು ಈ ಕತೆಗಾಗಿ ತಿಂಗಳುಗಟ್ಟಲೆ ಒದ್ದಾಡಿದ್ದು ಅವನಿಗೆ ಗೊತ್ತು. ಈಗ ಬಿಟ್ಟರೆ ಮತ್ತೆ ಪೆನ್ನು ಮುಟ್ಟುವ ಹೆಂಗಸಲ್ಲ, ಅದೂ ಗೊತ್ತು. ಕುರ್ಚಿ ಎಳೆದುಕೊಂಡು ಅಡುಗೆಮನೆಯ ಬಾಗಿಲಲ್ಲಿ ಕೂತ. "ಇನ್ನೊಂದ್ಸಲ ಓದು. ಬಾಯಿ ಮುಚ್ಕೊಂಡಿರ್ತೀನಿ."

"ನೀವಾ!"

ಓದಿದಳು. ಮುಳ್ಳು ಕಂಡಿತು, ಸೊಪ್ಪಿನ ಹಸಿರು ಕಂಡಿತು, ಮಡಿಲಲ್ಲಿ ಧೂಳು ಮೆತ್ತಿದ ಪುಟ್ಟ ಪಾದ ಕಂಡಿತು. ಬೆಂಕಿ ಬಿತ್ತು, ಭಾಷಣ ಶುರುವಾಯಿತು. ಆಗ ಮೈಕಣ್ಣನ ತುಟಿ ತಾನಾಗಿ ಅಲ್ಲಾಡತೊಡಗಿತು. ಅವಳು ಓದುವ ಮುಂಚೆಯೇ ಮುಂದಿನ ಮಾತು ಅವನ ಬಾಯಲ್ಲಿತ್ತು. ದೊರೆ ಇದ್ದಲ್ಲಿ ಮಾಲೀಕ, ಸಿಂಹಾಸನ ಇದ್ದಲ್ಲಿ ಕುರ್ಚಿ, ಅಷ್ಟೇ ವ್ಯತ್ಯಾಸ.

"ಏ ಇವಳೇ, ಇದು ನಂದು ಕಣೇ! ಗೇಟ್ ಮುಂದೆ ಹೊಡೀತಿದ್ದ ಭಾಷಣ!"

ಅವಳು ಹಾಳೆ ನೋಡಿದಳು, ಗಂಡನ ಮುಖ ನೋಡಿದಳು. "ಕೇಳಿ ಕೇಳಿ ಕಿವಿಯಲ್ಲೇ ಕೂತುಬಿಟ್ಟಿತ್ತೇನೋ."

ಮೈಕಣ್ಣ ತಡವರಿಸಿದ. ಇಂಥ ಮಾತು ಆಡಿ ಅಭ್ಯಾಸವಿರಲಿಲ್ಲ. "ಮಡಿಲಲ್ಲಿ ಹುಡುಗನ ಕಾಲಿತ್ತಲ್ಲ. ಅಲ್ಲೀವರೆಗೆ ಎಲ್ಲಾ ಕಾಣ್ತಿತ್ತು. ಅವಳು ಭಾಷಣಕ್ಕೆ ಎದ್ದಾಗ ಆ ಕಾಲು ಎಲ್ಲಿ ಹೋಯ್ತು?"

ಅವಳು ಪೆನ್ಸಿಲ್ ತೆಗೆದು ಭಾಷಣದ ಮೇಲೆ ಉದ್ದಕ್ಕೆ ಗೀಟು ಎಳೆದಳು. ಮೈಕಣ್ಣ ಹಾಳೆಯ ಮೇಲೆ ಬಾಗಿದ.

"ಒಂದೇ ಒಂದು ಸಾಲು ಇಟ್ಕೋಬಹುದಿತ್ತು. ಆ ಮೂಳೆ ಸಾಲು..."

"ರೀ, ಬಾಯಿ."

ಮರುದಿನ ಅವನು ಬ್ಯಾಂಕಿನ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಗುಮಾಸ್ತನಿಗೆ ಹೇಳಿದ: "ನಿಮ್ಮ ಕತೆ ನಾನು ಕೇಳಿಸ್ಕೊಳ್ಳಲೇ ಇಲ್ಲ ಸ್ವಾಮಿ. ಇನ್ನೊಂದ್ಸಲ ಓದ್ತೀರಾ?" ಗುಮಾಸ್ತ ಅನುಮಾನದಿಂದಲೇ ತಲೆಯಾಡಿಸಿದ.

ಭಾನುವಾರ ಹಾಲ್ ತುಂಬಿತ್ತು. ಅವಳು ಓದಿದಳು. ಮಂಪರಿನಲ್ಲಿದ್ದ ತಾಯಿಗೆ ಬಿಸಿ ತಾಕುತ್ತದೆ. ಮಗುವಿನ ಕಾಲು ಬಾತು ಕಾವೇರಿದೆ ಅಂದುಕೊಳ್ಳುತ್ತಾಳೆ. ಕಣ್ಣು ಮುಚ್ಚಿಕೊಂಡೇ ಬಾಗಿ, ಆ ಪುಟ್ಟ ಕಾಲಿಗೆ ಉಫ್ ಉಫ್ ಎಂದು ಊದುತ್ತಾಳೆ. ಅಲ್ಲಿಗೆ ಕತೆ ಮುಗಿಯಿತು.

ಮೈಕಣ್ಣನ ಎರಡೂ ಕೈ ಮೇಲೇಳಲು ನೋಡಿದವು. ಅವನ್ನು ತೊಡೆಯ ಕೆಳಗೆ ತುರುಕಿ ಅವುಗಳ ಮೇಲೇ ಕೂತ.

ಮನೆಯ ದಾರಿಯಲ್ಲಿ ಅವಳು ಕೇಳಿದಳು, "ಹೇಗಿತ್ತು?"

ಭೇಷ್ ಎನ್ನುವುದು ನಾಲಗೆಯ ತುದಿಗೆ ಬಂತು. ನುಂಗಿಕೊಂಡ. "ಆ ಮೂರನೇ ಮಗನ ಮುಖ ನಂಗೆ ಕಾಣಲೇ ಇಲ್ವಲ್ಲೇ."

"ಥೂ ನಿಮ್ಮ! ಇದನ್ನ ಈಗ ಹೇಳ್ತೀರಾ!" ಎಂದವಳು ಬೀದಿದೀಪದ ಕೆಳಗೆ ಗಕ್ಕನೆ ನಿಂತು, ಚೀಲದಲ್ಲಿ ಪೆನ್ಸಿಲ್ ಹುಡುಕತೊಡಗಿದಳು.