ಮಗ್ಗದ ಮನೆಯಲ್ಲಿ ಶ್ರವಣಯಂತ್ರ

ಗಂಜಿ ಹಾಕಿದ ಅಂಗಿ ಇಷ್ಟೊಂದು ವಾಚಾಳಿಯೆಂದು ನನಗೆ ತಿಳಿದದ್ದು ವಯಸ್ಸು ಐವತ್ತು ದಾಟಿದ ಮೇಲೆ. ನನ್ನ ಕಿವಿ ಮಂದವಾಯಿತೆಂದು ಮರುಗಿ ತಮ್ಮ ಮುಂಬಯಿಯಿಂದ ತಂದುಕೊಟ್ಟ ಶ್ರವಣಯಂತ್ರ, ಎಲೆಯಡಿಕೆ ಡಬ್ಬಿಯಷ್ಟರ ಪೆಟ್ಟಿಗೆ, ಎದೆಯ ಜೇಬಿನಲ್ಲಿ ಕುಳಿತು ತಂತಿಯ ಮೂಲಕ ಲೋಕವಾರ್ತೆಯನ್ನು ಕಿವಿಗೆ ಮುಟ್ಟಿಸುತ್ತಿತ್ತು. ಮೊದಲ ದಿನ ನಸುಕಿನಲ್ಲಿ ಗುಬ್ಬಿಗಳ ದನಿ ಕೇಳಿ ಕಣ್ಣು ತುಂಬಿ ಬಂದವು. ಆದರೆ ಬೆಟಗೇರಿಯಲ್ಲಿ ನಸುಕು ಎಷ್ಟು ಹೊತ್ತು ಉಳಿದೀತು, ನೀವೇ ಹೇಳಿ. ಓಣಿಯ ಮಗ್ಗಗಳು ಎದ್ದವೆಂದರೆ ಲಾಳಿಯ ಖಟಖಟ, ಅಂಗಿಯ ಸರಸರ, ಹೆಂಡತಿಯ ಮಾತು, ಮೂರನ್ನೂ ಆ ಸಮದರ್ಶಿ ಪೆಟ್ಟಿಗೆ ಒಂದೇ ಗೌರವದಿಂದ ಹಿಗ್ಗಿಸಿ ಕಳಿಸುತ್ತಿತ್ತು. ಸದ್ದು ದಂಡಿಯಾಗಿ ಬಂತು, ಮಾತು ಬರಲಿಲ್ಲ.

ನಮ್ಮದು ನೇಕಾರರ ಮನೆ. ಮಗ್ಗದ ಗದ್ದಲದಲ್ಲಿ ಕೂಗಿ ಫಲವಿಲ್ಲವೆಂದು ಎದುರಿಗೆ ಬಂದು, ದನಿಯಿಲ್ಲದೆ, ತುಟಿ ಬಿಡಿಸಿ ಮಾತಾಡುವುದು ನಮ್ಮ ರೂಢಿ. ನಾನು ಶಾಲೆಯ ಮಾಸ್ತರನಾದರೂ ಕಿವಿ ಕೈಕೊಟ್ಟ ವರ್ಷಗಳನ್ನು ಆ ವಿದ್ಯೆಯಿಂದಲೇ ನೂಕಿದ್ದೆ. ಪೆಟ್ಟಿಗೆ ಬಂದದ್ದೇ ತಡ, ಇನ್ನೇನು ಎಲ್ಲ ಕೇಳಿಸುತ್ತದಲ್ಲ ಎಂದು ಮನೆಯವರು ಬೆನ್ನ ಹಿಂದಿನಿಂದ, ಅಡುಗೆಮನೆಯಿಂದ ಮಾತಾಡತೊಡಗಿದರು. ನಾನೂ ಮುಖಗಳನ್ನು ಬಿಟ್ಟು ಜೇಬನ್ನೇ ನೋಡುತ್ತ, ಕೇಳಿಸದ್ದಕ್ಕೆಲ್ಲ ‘ಹೂಂ’ ಎನ್ನತೊಡಗಿದೆ.

ಏಕೀಕರಣ ಹತ್ತಿರವಾಗಿದ್ದ ದಿನಗಳು. ಮಗಳು ಶಾಂತೆಯನ್ನು ನೋಡಲು ಮುಂಡರಗಿಯಿಂದ ಗಂಡಿನ ಕಡೆಯವರು ಬಂದಿದ್ದರು. ಮುಂಬಯಿ ಸರಕಾರ ಬಿಟ್ಟು ಮೈಸೂರಿಗೆ ಸೇರುವ ಚರ್ಚೆಯನ್ನು ಪಡಸಾಲೆಯಲ್ಲಿ ಎಲ್ಲರೂ ಒಟ್ಟಿಗೇ ಮಾಡುತ್ತಿದ್ದರು. ನೆರೆಮನೆಯ ಮಗ್ಗಗಳೂ ದನಿಗೂಡಿಸಿದ್ದವು. ಅದರ ನಡುವೆ, ಈ ಸಂಬಂಧ ತಂದಿದ್ದ ನನ್ನ ಭಾವ ಏನೋ ಕೇಳಿದ. “ಮಾಸ್ತರ, ಮದಿವಿ ಗೊತ್ತು ಮಾಡಿಬಿಡೂಣಲ್ಲಾ?” ಎಂದನಂತೆ, ಅದು ತಿಳಿದದ್ದು ಆಮೇಲೆ. ಎಲ್ಲರೂ ನನ್ನತ್ತ ತಿರುಗಿದರು. ‘ಹೂಂ’ ನಾಲಿಗೆಯ ತುದಿಗೆ ಬಂದಿತ್ತು.

ಗದ್ದಲ ತಗ್ಗಿಸಲೆಂದು ಗುಂಡಿ ತಿರುಗಿಸಿದವನು ಗಾಬರಿಯಲ್ಲಿ ಯಂತ್ರವನ್ನೇ ಆರಿಸಿಬಿಟ್ಟೆ. ಲೋಕ ತಣ್ಣಗಾಯಿತು. ತಲೆಯೆತ್ತಿದರೆ, ಬಂದವರ ಬೆನ್ನ ಹಿಂದೆ, ಒಳಬಾಗಿಲಲ್ಲಿ ಶಾಂತೆ ಬೆಳಕಿಗೆ ಮುಖಮಾಡಿ ನಿಂತು ತುಟಿ ಬಿಡಿಸುತ್ತಿದ್ದಳು:

“ಅಪ್ಪಾ, ಈಗ ಮದಿವಿ ಬ್ಯಾಡ. ನಾ ಟ್ರೇನಿಂಗಿಗೆ ಹೋಗಿ ಮಾಸ್ತರಬಾಯಿ ಆಗಬೇಕು. ಎಷ್ಟ ದಿನಾತು ಹೇಳಾಕತ್ತು, ಬರೇ ಹೂಂ ಅಂತಿ.”

ಕಿವಿ ನೆಟ್ಟಗಿದ್ದ ಅಷ್ಟು ಮಂದಿಯಲ್ಲಿ ಆ ಮಾತು ಮುಟ್ಟಿದ್ದು ಕಿವುಡನೊಬ್ಬನಿಗೆ.

“ಬ್ಯಾಸರ ಮಾಡ್ಕೋಬ್ಯಾಡ್ರಿ,” ಎಂದೆ ಬಂದವರಿಗೆ, “ಹುಡುಗಿ ಇನ್ನೂ ಓದಾಕಿ ಅದಾಳ. ಈಗ ಆಗೂದಿಲ್ರಿ.”

ಭಾವ ಕೆಂಪಾಗಿ ಬಹಳ ಹೊತ್ತು ಮಾತಾಡಿದ. ಯಂತ್ರ ಆರಿಯೇ ಇತ್ತು. ಅವನ ಮುಖವನ್ನು ನಾನು ಬೇಕೆಂದೇ ನೋಡಲಿಲ್ಲ.

ಪೆಟ್ಟಿಗೆಯನ್ನು ದೂರಲಾರೆ. ನಸುಕಿನ ಗುಬ್ಬಿಗಳಿಗೆ ಈಗಲೂ ಅದೇ ಬೇಕು. ಮಗ್ಗಗಳು ಎದ್ದೊಡನೆ ಗುಂಡಿ ತಿರುಗಿಸುತ್ತೇನೆ, ಗಂಜಿಯ ಅಂಗಿ ಬಾಯಿ ಮುಚ್ಚುತ್ತದೆ. ಟ್ರೇನಿಂಗಿನಿಂದ ರಜೆಗೆ ಬಂದ ಶಾಂತೆ ಆಗ ಎದುರಿಗೆ ಬಂದು ಕೂರುತ್ತಾಳೆ, ಹೇಳಲು ಅವಳಿಗೆ ಬಹಳವಿರುತ್ತದೆ.